ಬೋರಲು ಲೋಟದೊಳಗಿನ ಒಂಬತ್ತು ಮಂದಿ

ಸ್ಟೀಲ್ ಲೋಟವನ್ನು ಬೋರಲಾಗಿ ಹಿಡಿದು ನೀರಿನ ಬಕೆಟ್ಟಿನೊಳಗೆ ಒತ್ತಿ ನೋಡಿ. ನೀರು ಅಂಚಿನ ಬಳಿಯೇ ನಿಲ್ಲುತ್ತದೆ, ಒಳಗಿನ ಗಾಳಿ ಬಿಡುವುದಿಲ್ಲ. ಈಗ ಲೋಟದ ತಳಕ್ಕೆ ಮೊಳೆ ಹೊಡೆದು ತೂತು ಮಾಡಿ: ಬುಸ್ಸೆಂದು ಗಾಳಿ ಹೊರಗೆ, ನೀರು ಒಳಗೆ. ಲಾಳಿಕೆ ಬಾಟಲಿಯ ಬಾಯಿಗೆ ಬಿಗಿಯಾಗಿ ಕೂತರೆ ಎಣ್ಣೆ ಇಳಿಯದು, ತುಸು ಎತ್ತಿದರೆ ಗಳಗಳ ಇಳಿಯುತ್ತದೆ. ಅಲ್ಲೂ ಇದೇ ಲೆಕ್ಕ.

2002ರ ಜುಲೈ 24ರ ರಾತ್ರಿ ಅಮೆರಿಕದ ಪೆನ್ಸಿಲ್ವೇನಿಯಾದ ಕ್ವೆಕ್ರೀಕ್ ಕಲ್ಲಿದ್ದಲು ಗಣಿಯಲ್ಲಿ ಒಂಬತ್ತು ಕಾರ್ಮಿಕರು ಸಿಲುಕಿದ್ದು ಇಂಥದ್ದೇ ಲೋಟದೊಳಗೆ. ಪಕ್ಕದ ಪಾಳುಬಿದ್ದ ಸ್ಯಾಕ್ಸ್‌ಮನ್ ಗಣಿಯನ್ನು ಎಲ್ಲಿಯವರೆಗೆ ಅಗೆದಿದ್ದರು ಎಂಬುದನ್ನು ಅವರ ಹಳೆಯ ನಕ್ಷೆ ಸರಿಯಾಗಿ ತೋರಿಸಿರಲಿಲ್ಲ. ಯಂತ್ರ ಗೋಡೆ ಒಡೆಯಿತು, ದಶಕಗಳಿಂದ ನಿಂತಿದ್ದ ನೀರು ನುಗ್ಗಿತು. ಅವರು ಗಣಿಯ ಫೋನಿನಲ್ಲಿ ಇನ್ನೊಂದು ತಂಡಕ್ಕೆ ಸುದ್ದಿ ಮುಟ್ಟಿಸಿದರು. ಆ ತಂಡದ ಒಂಬತ್ತು ಜನ ಓಡಿ ಬದುಕಿಕೊಂಡರು. ಕರೆ ಮಾಡಿದವರ ದಾರಿ ಮುಚ್ಚಿಹೋಯಿತು.

ಮುಂದೆ ನಡೆದದ್ದನ್ನು ಪವಾಡ ಎಂದವರೇ ಹೆಚ್ಚು. ಅದನ್ನು ಒಪ್ಪಲು ಮನಸ್ಸಾಗುವುದಿಲ್ಲ. ಸುಮಾರು 73 ಮೀಟರ್ ಆಳಕ್ಕೆ ಆರೂವರೆ ಇಂಚಿನ ರಂಧ್ರ ಕೊರೆದಾಗ ಕೆಳಗಿನಿಂದ ಒಂಬತ್ತು ಬಾರಿ ಬಡಿದ ಸದ್ದು ಬಂತು. 'ಉಸಿರಾಡಲು ತೂತು ಸಿಕ್ಕಿತಲ್ಲ, ಸಾಕು' ಎನ್ನುವುದು ಪ್ರಾಣ ತೆಗೆಯುವ ತಪ್ಪು ತಿಳಿವಳಿಕೆ. ಆ ತೂತೇ ಲೋಟದ ತಳದ ಮೊಳೆ! ಹಾಗಾಗಿ ಬಾಯಿಯನ್ನು ಬಿಗಿದು, ಕಂಪ್ರೆಸರ್‌ನಿಂದ ಒತ್ತಡದ ಗಾಳಿ ಇಳಿಸಿದರು. 10 ಮೀಟರ್ ನೀರನ್ನು ತಡೆಯಲು ವಾತಾವರಣದಷ್ಟೇ ಇನ್ನೊಂದು ಒತ್ತಡ ಬೇಕು. ಅದುಮಿದ ಗಾಳಿ ಬಿಸಿಯಾಗುತ್ತದೆ, ಸೈಕಲ್ ಪಂಪಿನ ಬುಡ ಮುಟ್ಟಿದವರಿಗೆ ಗೊತ್ತು. ಒದ್ದೆ ಬಟ್ಟೆಯಲ್ಲಿ ನಡುಗುತ್ತಿದ್ದವರಿಗೆ ಅದೇ ಕಾವಾಯಿತು.

ಜನರನ್ನು ಎತ್ತುವ ದೊಡ್ಡ ಬಾವಿಯೂ ಮೊಳೆಯೇ, ಹಲವು ಪಟ್ಟು ದಪ್ಪದ್ದು. ನೀರು ಇಳಿಯುವ ಮುನ್ನ ಅದು ತಳ ಸೇರಿದರೆ ಗಾಳಿ ಹಾರಿ ನೀರು ಏರುತ್ತದೆ. ಒತ್ತಡ ಒಮ್ಮೆಲೇ ಕುಸಿದರೆ ರಕ್ತದಲ್ಲಿ ಕರಗಿದ ನೈಟ್ರೋಜನ್, ಸೋಡಾ ಬಾಟಲಿ ತೆರೆದ ಹಾಗೆ, ಗುಳ್ಳೆಯೇಳುತ್ತದೆ. ಅದಕ್ಕೇ ಪಂಪುಗಳು ಹಗಲಿರುಳು ನೀರೆತ್ತಿದವು. ನಡುವೆ, ಸುಮಾರು 30 ಮೀಟರ್ ಆಳದಲ್ಲಿ, ಕೊರೆಯುವ ಬಿಟ್ ಮುರಿದು ಗಂಟೆಗಟ್ಟಲೆ ಕೆಲಸ ನಿಂತಿತು.

ಕೆಳಗಿನವರಿಗೆ ಇದೊಂದೂ ತಿಳಿಯದು. ಸಿಮೆಂಟ್ ಇಟ್ಟಿಗೆಯ ಗೋಡೆ ಕಟ್ಟಿದರು, ನೀರು ಅದನ್ನೂ ದಾಟಿತು. ಹೆಣಗಳಾದರೂ ಒಟ್ಟಿಗೆ ಸಿಗಲೆಂದು ಒಬ್ಬರಿಗೊಬ್ಬರು ಕಟ್ಟಿಕೊಂಡರು. ಚಳಿ ಹತ್ತಿದವನನ್ನು ನಡುವೆ ಕೂರಿಸಿ ಸುತ್ತ ಒತ್ತಿ ಕೂತರು.

ಜುಲೈ 28ರ ನಸುಕಿಗೆ ಮುನ್ನ ಉಕ್ಕಿನ ಪಂಜರ ಇಳಿಯಿತು. ಇಂಥದ್ದೇ ಪಂಜರದಲ್ಲಿ 1989ರ ನವೆಂಬರ್‌ನಲ್ಲಿ ಪಶ್ಚಿಮ ಬಂಗಾಳದ ರಾಣಿಗಂಜ್‌ನ ಮಹಾಬೀರ್ ಕಲ್ಲಿದ್ದಲು ಗಣಿಗೆ ಗಣಿ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್ ತಾವೇ ಇಳಿದು, 65 ಜನರನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿ, ಕೊನೆಗೆ ತಾವು ಹತ್ತಿದ್ದರು. ಕ್ವೆಕ್ರೀಕ್‌ನಲ್ಲಿ ಮೊದಲು ಎದೆನೋವಿದ್ದವನು, ಆಮೇಲೆ ತೂಕ ಹೆಚ್ಚಿರುವವರಿಂದ ಕಡಿಮೆಯವರವರೆಗೆ ಸರದಿ. ಕೊನೆಯವನನ್ನು ಪಂಜರದೊಳಗೆ ತೂರಿಸಲು ಕೆಳಗೆ ಇನ್ನೊಬ್ಬನಿರುವುದಿಲ್ಲ.