ಸ್ಪೇಸರ್ ಹಾಕಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತಾ? ಇಲ್ಲ, ಇಲ್ಲ, ಇಲ್ಲ

ಪ್ರಶ್ನೆ: "ಸರ್, ನಮ್ದು ಇಸುಜು ವಿ-ಕ್ರಾಸ್ ಪಿಕಪ್. ಮುಂದುಗಡೆ ಮೂತಿ ಬಗ್ಗಿಸ್ಕೊಂಡು ನಿಂತಂಗೆ ಕಾಣ್ತೈತೆ. ಮುಂಭಾಗ ಎತ್ತಿಸಿ ಲೆವೆಲ್ ಮಾಡಿಸ್ಬೇಕು ಅಂತಿದೀನಿ. ಒಬ್ರು ಸ್ಪೇಸರ್ ಸಾಕು ಅಂತಾರೆ. ಇನ್ನೊಬ್ರು, ಸ್ಪೇಸರ್ ಹಾಕಿದ್ರೆ ಸ್ಪ್ರಿಂಗ್ ಗಟ್ಟಿಯಾಗಿ ಸೊಂಟ ಹೋಗುತ್ತೆ, ಹೊಸ ಸ್ಪ್ರಿಂಗೇ ಹಾಕ್ಸು ಅಂತಾರೆ. ಯಾವ್ದು ಸರಿ?" (ಚನ್ನಗಿರಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು)

ಉತ್ತರ: ಈ ಪ್ರಶ್ನೆ ನನ್ನನ್ನು ಪಿ.ಬಿ. ರಸ್ತೆಯ ಟೀ ಅಂಗಡಿಯಲ್ಲಿ ಹಿಡಿದಿದೆ, ಮದುವೆ ಮನೆಯ ಪಂಕ್ತಿಯಲ್ಲಿ ಎಲೆ ಮುಂದೆ ಕೂತಾಗ ಹಿಡಿದಿದೆ, ಒಮ್ಮೆ ತಿಥಿ ಊಟದಲ್ಲೂ ಬಿಟ್ಟಿಲ್ಲ. ಹಾಗಾಗಿ ಆತುರದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೊಸ ಭಾರವೇನೂ ಸೇರಿಸಿಲ್ಲ, ಒಂದು ಇಂಚಿನ ಆಸುಪಾಸು ಎತ್ತಿದರೆ ಸಾಕು ಅನ್ನುವುದಾದರೆ ಒಳ್ಳೆಯ ಸ್ಪೇಸರ್, ಅಂದರೆ ಸ್ಪ್ರಿಂಗ್ ಇಲ್ಲವೇ ಶಾಕಪ್ಸರ್‌ನ ತಲೆಗೆ ಕೂರಿಸುವ ದಪ್ಪ ಬಿಲ್ಲೆ, ಸಾಕು. ಹೂತ ಗಾಡಿ ಎಳೆಯುವ ವಿಂಚ್‌ನಂಥ ಭಾರ ಮುಂದೆ ಕಾಯಂ ಕೂತಿದ್ದರೆ, ಇಲ್ಲವೇ ಹಳೆಯ ಸ್ಪ್ರಿಂಗ್ ಕುಸಿದು ಹೋಗಿದ್ದರೆ ಸ್ಪ್ರಿಂಗ್ ಬದಲಿಸಿ. (ಬಂಪರ್ ಮುಂದೆ ಹಾಕಿಸುವ ಕಂಬಿ ಚೌಕಟ್ಟು, ಬುಲ್ ಬಾರ್, ಅದರ ಮಾತು ಬೇಡ. 2017ರ ಡಿಸೆಂಬರ್‌ನಲ್ಲೇ ಕೇಂದ್ರ ಸಾರಿಗೆ ಸಚಿವಾಲಯ ಅದರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆದಿದೆ.) ಆತುರವಿಲ್ಲದವರು ಕೂತುಕೊಳ್ಳಿ. "ಸ್ಪೇಸರ್ ಹಾಕಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತೆ" ಅನ್ನುವ ಮಾತಿಗೆ ಇವತ್ತು ಒಂದು ಗತಿ ಕಾಣಿಸಬೇಕು.

ಹಳೇ ಪೇಪರ್ ಕೊಳ್ಳುವವನ ಕೈಯಲ್ಲಿ ನೇತು ಹಾಕುವ ಸ್ಪ್ರಿಂಗ್ ತಕ್ಕಡಿ ಇರುತ್ತದಲ್ಲ, ಅದನ್ನು ಒಂದು ನಿಮಿಷ ಕೇಳಿ ತೆಗೆದುಕೊಳ್ಳಿ. ಅದರ ಮೇಲಿನ ಗೀಟುಗಳನ್ನು ನೋಡಿ. ಸೊನ್ನೆಯಿಂದ ಒಂದು ಕೆಜಿಗೆ ಎಷ್ಟು ಅಂತರವೋ ಒಂಬತ್ತರಿಂದ ಹತ್ತಕ್ಕೂ ಅಷ್ಟೇ ಅಂತರ. ಎಳೆದಂತೆಲ್ಲ ಸ್ಪ್ರಿಂಗ್ ಗಟ್ಟಿಯಾಗುತ್ತಾ ಹೋಗುವುದಾಗಿದ್ದರೆ ಗೀಟುಗಳು ಕೆಳಗೆ ಹೋದಂತೆ ಒತ್ತೊತ್ತಾಗಬೇಕಿತ್ತು. ಆಗಿಲ್ಲ. ರಾಬರ್ಟ್ ಹುಕ್ ಎಂಬ ಇಂಗ್ಲಿಷಿನವನು ಇದನ್ನು 1676ರಲ್ಲಿ ಯಾರಿಗೂ ತಿಳಿಯದ ಹಾಗೆ ಅಕ್ಷರ ಕಲಸಿ ಬರೆದಿಟ್ಟು, 1678ರಲ್ಲಿ ಬಿಡಿಸಿ ಹೇಳಿದ: ಎಷ್ಟು ಹಿಗ್ಗೋ ಅಷ್ಟು ಬಲ. ಮುನ್ನೂರೈವತ್ತು ವರ್ಷವಾಗುತ್ತಾ ಬಂತು. ನಮ್ಮ ಗ್ಯಾರೇಜುಗಳಿಗೆ ಸುದ್ದಿ ಇನ್ನೂ ದಾರಿಯಲ್ಲಿದೆ.

ಈಗ ಅದೇ ತಕ್ಕಡಿಯ ಮುಳ್ಳನ್ನು ಮೂರು ಕೆಜಿಯವರೆಗೆ ಎಳೆದು, ಹಿಂದೆ ಹೋಗದಂತೆ ಅಲ್ಲೇ ಒಂದು ಕಡ್ಡಿ ಸಿಕ್ಕಿಸಿ. ಸ್ಪ್ರಿಂಗ್ ಮೊದಲೇ ಬಿಗಿಯಾಗಿ ಕೂತಿತು. ಅದಕ್ಕೆ ಐದು ಕೆಜಿ ಈರುಳ್ಳಿ ತೂಗು ಹಾಕಿ. ಮುಳ್ಳು ಎಲ್ಲಿ ನಿಲ್ಲುತ್ತದೆ? ಐದಕ್ಕೇ. ಇನ್ನೊಂದು ಕೆಜಿ ಸೇರಿಸಿದರೆ ಆರಕ್ಕೆ. ಕಡ್ಡಿ ಇರಲಿ ಬಿಡಲಿ, ಮೂರರ ಮೇಲೆ ತಕ್ಕಡಿಯ ನಡವಳಿಕೆಯಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಮೂರಕ್ಕಿಂತ ಕೆಳಗೆ ಮಾತ್ರ: ಎರಡು ಕೆಜಿ ಹಾಕಿದರೆ ಮುಳ್ಳು ಅಲ್ಲಾಡುವುದೇ ಇಲ್ಲ. ಶಾಕಪ್ಸರ್ ಜೋಡಣೆಯ ಒಳಗೆ, ಸ್ಪ್ರಿಂಗ್‌ನ ತಲೆಯ ಮೇಲೆ ಕೂರಿಸುವ ಸ್ಪೇಸರ್ ಸ್ಪ್ರಿಂಗ್‌ಗೆ ಮಾಡುವುದು ಇಷ್ಟೇ. ಕಡ್ಡಿ ಸಿಕ್ಕಿಸುವುದು.

ಹಾಗಾದರೆ ಗಾಡಿ ಮೇಲೆ ಏಳುವುದು ಹೇಗೆ ಅಂತೀರಿ. ತಕ್ಕಡಿ ನೇತು ಹಾಕಿದ ಮೊಳೆಯನ್ನು ಎರಡು ಇಂಚು ಮೇಲೆ ಹೊಡೆಯಿರಿ. ಈರುಳ್ಳಿ ಚೀಲ ಎರಡು ಇಂಚು ಮೇಲೆ ಹೋಯಿತು. ತೂಕ ಬದಲಾಯಿತೇ? ಸ್ಪ್ರಿಂಗ್ ಹಿಗ್ಗಿದ್ದು ಬದಲಾಯಿತೇ? ಇಲ್ಲ. ಸ್ಪೇಸರ್ ಗಾಡಿಯನ್ನು ಎತ್ತುವುದೂ ಹೀಗೆಯೇ.

ಲೆಕ್ಕ ಬೇಕು ಅನ್ನುವವರಿಗೆ ಲೆಕ್ಕ. ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಇಟ್ಟುಕೊಂಡಿದ್ದೇನೆ. ನಿಮ್ಮ ಗಾಡಿಯಲ್ಲಿ ಸ್ವಲ್ಪ ಆಚೀಚೆ ಇದ್ದೀತು. ಮುಂದಿನ ಒಂದು ಚಕ್ರದ ಮೇಲೆ 550 ಕೆಜಿ ಭಾರ. ಸ್ಪ್ರಿಂಗ್ ಸುತ್ತಿಕೊಂಡಿರುವ ಶಾಕಪ್ಸರ್ ಕೂತಿರುವುದು ಚಕ್ರದ ಹತ್ತಿರವಲ್ಲ, ಚಕ್ರವನ್ನು ಚಾಸಿಗೆ ಹಿಡಿದಿಡುವ ಕೆಳಗಿನ ಆರ್ಮ್‌ನ ಹೆಚ್ಚುಕಡಿಮೆ ನಡುಮಧ್ಯೆ. ಏತದ ಲೆಕ್ಕ: ಚಕ್ರ ಎರಡು ಇಂಚು ಆಡಿದರೆ ಸ್ಪ್ರಿಂಗ್ ಒಂದು ಇಂಚು ಆಡುತ್ತದೆ, ಬದಲಿಗೆ ಎರಡು ಪಟ್ಟು ಭಾರ, ಅಂದರೆ 1,100 ಕೆಜಿ ಹೊರುತ್ತದೆ. ಮಿಲಿಮೀಟರಿಗೆ 11 ಕೆಜಿಯ ಸ್ಪ್ರಿಂಗ್ ಅಂದುಕೊಂಡರೆ ಅದು 100 ಮಿ.ಮೀ. ಅಮುಕಿಕೊಂಡು ನಿಲ್ಲಬೇಕು. ಅದರಲ್ಲಿ 60 ಮಿ.ಮೀ. ಕಂಪನಿಯಲ್ಲೇ ಅಮುಕಿ ಕೂರಿಸಿರುತ್ತಾರೆ. ಉಳಿದ 40 ಗಾಡಿ ನೆಲಕ್ಕೆ ಇಳಿದಾಗ ಅಮುಕುತ್ತದೆ. ಈಗ 12 ಮಿ.ಮೀ. ಸ್ಪೇಸರ್ ಸೇರಿಸಿ. ಕೂರಿಸುವಾಗಲೇ 72 ಅಮುಕಿತು, ನೆಲಕ್ಕಿಳಿದಾಗ 28 ಅಮುಕುತ್ತದೆ. ಒಟ್ಟು? ಅದೇ 100. ಸ್ಪ್ರಿಂಗ್‌ಗೆ ತನ್ನ ತಲೆ ಮೇಲೆ ಸ್ಪೇಸರ್ ಇದೆ ಅನ್ನುವುದೇ ಗೊತ್ತಿಲ್ಲ. ಗಾಡಿ ಮಾತ್ರ ಚಕ್ರದ ಹತ್ತಿರ 24 ಮಿ.ಮೀ., ಹತ್ತಿರ ಹತ್ತಿರ ಒಂದು ಇಂಚು, ಎದ್ದಿರುತ್ತದೆ. ಅರ್ಧ ಇಂಚಿನ ಬಿಲ್ಲೆ ಒಂದು ಇಂಚು ಎತ್ತುವ ಗುಟ್ಟೂ ಇದೇ. "ಎರಡು ಇಂಚು ಎತ್ತಬೇಕು, ಎರಡು ಇಂಚಿನ ಸ್ಪೇಸರ್ ಕೊಡಿ" ಅಂತ ಅಂಗಡಿಯಲ್ಲಿ ಕೇಳಬೇಡಿ, ದಮ್ಮಯ್ಯ.

ಈ ಸುಳ್ಳು ಹುಟ್ಟಿದ್ದಾದರೂ ಎಲ್ಲಿ? ನನಗೆ ಎರಡು ಕಡೆ ಅನುಮಾನ. ಒಂದು ಲಾರಿಯ ಕಮಾನ್ ಪಟ್ಟಿ. ನಮ್ಮ ಕಡೆಯ ಮೇಸ್ತ್ರಿಗಳ ಕೈ ಪಳಗಿದ್ದೇ ಕಮಾನಿನ ಮೇಲೆ. ಕಮಾನಿಗೆ ಒಂದು ಪಟ್ಟಿ ಜಾಸ್ತಿ ಹಾಕಿದರೆ ಗಾಡಿ ಏಳುತ್ತದೆ, ಗಟ್ಟಿಯೂ ಆಗುತ್ತದೆ. ಅಲ್ಲಿ ಅದು ಸತ್ಯ, ಏಕೆಂದರೆ ಆ ಪಟ್ಟಿಯೂ ಭಾರ ಹೊರುತ್ತದೆ. ಅದೇ ಅನುಭವವನ್ನು ಸುರುಳಿ ಸ್ಪ್ರಿಂಗ್‌ಗೂ ತಂದು ಅಂಟಿಸಿದರು. ಇನ್ನೊಂದು, ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್. ಅದನ್ನು ಹಾಕಿದ ಕಡೆ ಸುರುಳಿ ಆಡುವುದನ್ನು ಬಿಡುತ್ತದೆ, ಉಳಿದ ಸುರುಳಿಗಳಷ್ಟೇ ಕೆಲಸ ಮಾಡುತ್ತವೆ, ಸ್ಪ್ರಿಂಗ್ ನಿಜಕ್ಕೂ ಗಟ್ಟಿಯಾಗುತ್ತದೆ. ಕೆಲವು ಅಂಗಡಿಗಳಲ್ಲಿ ಬಫರ್‌ಗೂ ಸ್ಪೇಸರ್ ಅಂತಲೇ ಹೆಸರು. ಹೆಸರು ಒಂದಾದ ಮೇಲೆ ಗುಣವೂ ಒಂದೇ ಅಂದುಕೊಂಡರು.

ಸ್ಪ್ರಿಂಗ್‌ನ ಗಟ್ಟಿತನ ನಿಂತಿರುವುದು ಉಕ್ಕಿನ ಜಾತಿ, ತಂತಿಯ ದಪ್ಪ, ಸುರುಳಿಯ ಅಗಲ, ಆಡುವ ಸುರುಳಿಗಳ ಸಂಖ್ಯೆ ಇವುಗಳ ಮೇಲೆ. ಅದರಲ್ಲೂ ತಂತಿಯ ದಪ್ಪ ಮಹಾ ಕಿಲಾಡಿ, ನಾಲ್ಕು ಸಲ ಗುಣಿಸಿಕೊಂಡು ಬರುತ್ತದೆ. 14 ಮಿ.ಮೀ. ಇದ್ದದ್ದು 15 ಆದರೆ, ಉಳಿದದ್ದೆಲ್ಲ ಹಾಗೇ ಇದ್ದರೂ, ಸ್ಪ್ರಿಂಗ್ ಶೇಕಡಾ 32ರಷ್ಟು ಗಟ್ಟಿ. ಉದ್ದ ಬದಲಾಗದಿದ್ದರೂ ನಮ್ಮ ಲೆಕ್ಕದ 100 ಮಿ.ಮೀ. 76ಕ್ಕೆ ಇಳಿದು ಗಾಡಿ ಎರಡು ಇಂಚಿನ ಹತ್ತಿರ ಏಳುತ್ತದೆ. ಗಮನಿಸಿದಿರಾ? ಸೊಂಟ ಹೋಗುತ್ತದೆ ಅಂತ ಹೆದರಿಸಿ, ಸ್ಪೇಸರ್ ಬಿಡಿಸಿ, ದಪ್ಪ ಸ್ಪ್ರಿಂಗ್ ಹಾಕಿಸಿದವರು ಅದೇ ಸೊಂಟಕ್ಕೆ ನಿಜವಾದ ಗಟ್ಟಿತನ ತಂದುಕೊಟ್ಟರು. ಸ್ಪ್ರಿಂಗ್ ಗಟ್ಟಿಯಾದ ಮೇಲೆ ಹಳೆಯ ಶಾಕಪ್ಸರ್‌ಗೆ ಅದನ್ನು ಹಿಡಿದು ನಿಲ್ಲಿಸುವ ಶಕ್ತಿ ಸಾಲದು, ಮೂತಿ ಕುಣಿಯುತ್ತದೆ. ಆಮೇಲೆ ಶಾಕಪ್ಸರ್‌ಗೂ ದುಡ್ಡು. ಅದೇ ತಂತಿಯ, ಅದೇ ಗಟ್ಟಿತನದ, ಬರೀ ಉದ್ದವಾದ ಸ್ಪ್ರಿಂಗ್ ಹಾಕಿಸಿದ್ದೀರಾ? ಹಾಗಾದರೆ ಒಳಗಿನ ಸ್ಪೇಸರನ್ನೇ ಉಕ್ಕಿನಲ್ಲಿ ಸುತ್ತಿಸಿ ಜಾಸ್ತಿ ದುಡ್ಡು ಕೊಟ್ಟಿದ್ದೀರಿ ಅಷ್ಟೇ. ಸುರುಳಿಯ ಬದಲು ತಿರುಚಿಕೊಳ್ಳುವ ಕಂಬಿಯೇ ಸ್ಪ್ರಿಂಗ್ ಆಗಿರುವ ಟಾರ್ಶನ್ ಬಾರ್ ಗಾಡಿಯವರೂ ಕೇಳಿಸಿಕೊಳ್ಳಿ, ಬೋಲ್ಟ್ ತಿರುಗಿಸಿ ಬಾರ್ ಬಿಗಿ ಮಾಡಿದರೆ ಆಗುವುದೂ ಮೊಳೆ ಮೇಲೆ ಹೊಡೆಯುವ ಕೆಲಸವೇ.

"ಆದ್ರೂ ಸರ್, ಹಾಕಿಸಿದ ಮೇಲೆ ಗಟ್ಟಿ ಅನ್ಸುತ್ತೆ." ಅನ್ನಿಸುತ್ತದೆ, ಒಪ್ಪಿದೆ. ಆದರೆ ಅದು ಸ್ಪ್ರಿಂಗ್‌ನ ತಪ್ಪಲ್ಲ. ಚಕ್ರ ಮೇಲೆ ಹೋಗಲು ಜಾಗ ಬೇಕಾದಂತೆ ಕೆಳಗೆ ಇಳಿಯಲೂ ಜಾಗ ಬೇಕು. ನಮ್ಮ ಲೆಕ್ಕದ ಗಾಡಿಯಲ್ಲಿ ಚಕ್ರ ಮೊದಲು 80 ಮಿ.ಮೀ. ಇಳಿಯುತ್ತಿತ್ತು, ಸ್ಪೇಸರ್ ಬಂದ ಮೇಲೆ 56. ಆಸೆಬುರುಕರು 25 ಮಿ.ಮೀ. ಸ್ಪೇಸರ್ ಹಾಕಿದರೆ ಉಳಿಯುವುದು 30. ಹಂಪ್ ದಾಟಿ ಚಕ್ರ ಇಳಿಯುವಾಗ ಶಾಕಪ್ಸರ್ ತನ್ನ ಉದ್ದದ ಕೊನೆ ಮುಟ್ಟಿ 'ಟಕ್' ಅನ್ನುತ್ತದೆ. ಆ ಟಕ್ಕನ್ನೇ ನೀವು ಗಟ್ಟಿ ಅನ್ನುತ್ತೀರಿ. ಇನ್ನೊಂದು ಕಾರಣ ನಾನು ಪಾಠ ಹೇಳಿದ ಹುಡುಗರಿಗೆ ಬಿಟ್ಟರೆ ಯಾರಿಗೂ ನೆನಪಿರುವುದಿಲ್ಲ: ಗಾಡಿ ಜ್ಯಾಕ್ ಮೇಲಿದ್ದು ಚಕ್ರ ನೇತಾಡುವಾಗಲೇ ಕೆಳಗಿನ ಆರ್ಮ್‌ನ ಬೋಲ್ಟ್ ಪೂರ್ತಿ ಬಿಗಿದುಬಿಡುವುದು. ಆರ್ಮ್‌ನ ಕೀಲಿನಲ್ಲಿರುವ ಬುಷ್‌ನ ರಬ್ಬರ್ ಆ ನೇತಾಡುವ ಕೋನದಲ್ಲೇ ಕಚ್ಚಿಕೊಳ್ಳುತ್ತದೆ. ಗಾಡಿ ಇಳಿಸಿದಾಗ ರಬ್ಬರ್ ತಿರುಚಿಕೊಂಡು ತಾನೇ ಒಂದು ಸ್ಪ್ರಿಂಗ್ ಆಗುತ್ತದೆ, ಸ್ವಲ್ಪ ದಿನಕ್ಕೆ ಹರಿದೂ ಹೋಗುತ್ತದೆ. ಮೊದಲು ಅರೆಬಿಗಿ, ಗಾಡಿ ನಾಲ್ಕು ಚಕ್ರದ ಮೇಲೆ ನಿಂತ ಮೇಲೆ ಪೂರ್ತಿ ಬಿಗಿ. ಹೀಗೆ ಮಾಡಿಸಿಯೇ "ಗಟ್ಟಿ" ವಾಸಿಯಾದ ಗಾಡಿಗಳನ್ನು ನಾನೇ ನೋಡಿದ್ದೇನೆ.

ಇನ್ನೊಂದು ಬಗೆಯ ಸ್ಪೇಸರ್ ಶಾಕಪ್ಸರ್‌ನ ಹೊರಗೆ, ಅದರ ತಲೆಗೂ ಚಾಸಿಗೂ ನಡುವೆ ಕೂರುತ್ತದೆ. ಇದಕ್ಕೆ ಸ್ಪ್ರಿಂಗ್ ಬಿಚ್ಚುವ ಕೆಲಸವಿಲ್ಲ, ಆದ್ದರಿಂದ ಬೇಗ ಆಗುತ್ತದೆ, ಅಗ್ಗ. ಇಲ್ಲಿ ಸ್ಪ್ರಿಂಗೂ ಶಾಕಪ್ಸರೂ ಮೊದಲು ಹೇಗಿದ್ದವೋ ಹಾಗೇ ಇರುತ್ತವೆ. ಆದರೆ ಚಕ್ರ ಪೂರ್ತಿ ನೇತಾಡುವಾಗ ಕಂಪನಿಯವರು ಲೆಕ್ಕ ಹಾಕಿದ್ದಕ್ಕಿಂತ ಕೆಳಗೆ ಹೋಗುತ್ತದೆ. ಮೇಲಿನ ಆರ್ಮ್‌ನ ತುದಿಯ ಬಾಲ್ ಜಾಯಿಂಟ್, ಫೋರ್ ವೀಲ್ ಡ್ರೈವ್ ಗಾಡಿಯಾದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್‌ನ ಕೀಲು (ಸಿವಿ ಜಾಯಿಂಟ್) ಮತ್ತು ಅದರ ರಬ್ಬರ್ ಬೂಟ್, ಬ್ರೇಕ್ ಹೋಸ್ ಎಲ್ಲದಕ್ಕೂ ಜಗ್ಗಾಟ. ಚಕ್ರ ಪೂರ್ತಿ ಮೇಲೆ ಹೋದಾಗ ಅದನ್ನು ತಡೆದು ನಿಲ್ಲಿಸುವ ಬಂಪ್ ಸ್ಟಾಪ್ ರಬ್ಬರ್ ಮುಟ್ಟುವ ಮೊದಲೇ ಶಾಕಪ್ಸರ್ ತಳ ಹೊಡೆಯುವ ಭಯವೂ ಉಂಟು. ಒಳಗಿನದಾದರೆ ಇಳಿಯುವ ಜಾಗ ಹೋಯಿತು, ಹೊರಗಿನದಾದರೆ ಜಾಯಿಂಟ್‌ಗೆ ನೋವು. ನನ್ನ ಒಲವು ಸಣ್ಣ ಅಳತೆಯ ಒಳಗಿನ ಸ್ಪೇಸರ್ ಕಡೆಗೆ. ಆದರೆ ಅಮುಕಿದ ಸ್ಪ್ರಿಂಗ್ ಬಿಚ್ಚಲು ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ (ಗಾಳಿಯದಲ್ಲ, ಸ್ಪ್ರಿಂಗನ್ನು ಅಮುಕಿ ಹಿಡಿಯುವ ಸಲಕರಣೆ) ಇರುವ ಗ್ಯಾರೇಜಿನಲ್ಲಿ ಮಾತ್ರ. ನಮ್ಮ ಲೆಕ್ಕದಲ್ಲೇ ಅದು ಕೂತಿರುವುದು 660 ಕೆಜಿ ಬಲದಲ್ಲಿ. ಒಂದು ಶೆಡ್ಡಿನಲ್ಲಿ ಕೊಕ್ಕೆ ಜಾರಿ ಸ್ಪ್ರಿಂಗ್ ಹಾರಿ ಶಟರ್‌ನಲ್ಲಿ ಕುಂಬಳಕಾಯಿ ಗಾತ್ರದ ಗುಂಡಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಹುಡುಗ ಟೀ ತರಲು ಹೋಗಿದ್ದರಿಂದ ಬದುಕಿದ.

ಎರಡರಲ್ಲಿ ಯಾವುದೇ ಮಾಡಿಸಿ, ವೀಲ್ ಅಲೈನ್‌ಮೆಂಟ್ ಕಡ್ಡಾಯ. ಆರ್‌ಸಿಯಲ್ಲಿ ಬರೆದ, ಹೊರೆ ಸಮೇತ ಗಾಡಿ ಇರಬಹುದಾದ ಒಟ್ಟು ತೂಕ ಮಾತ್ರ ಒಂದು ಕೆಜಿಯೂ ಹೆಚ್ಚುವುದಿಲ್ಲ.

ಇಷ್ಟಾದರೂ ಯಾರೂ ನನ್ನನ್ನು ಕೇಳದ ಪ್ರಶ್ನೆ ಒಂದಿದೆ. ಮೂತಿ ಬಗ್ಗಿದೆಯೋ, ಹಿಂಭಾಗ ಎದ್ದಿದೆಯೋ? ಪಿಕಪ್‌ನ ಹಿಂಭಾಗವನ್ನು ಎತ್ತರ ಇಟ್ಟಿರುವುದು ಹೊರೆ ಬಿದ್ದಾಗ ಸಮ ಆಗಲಿ ಅಂತ. ದಾವಣಗೆರೆಯ ಭಟ್ಟಿಗಳಿಂದ ಮನೆ ಎತ್ತರಕ್ಕೆ ಮಂಡಕ್ಕಿ ಚೀಲ ಹೇರಿಕೊಂಡು ಹೋಗುವ ಗಾಡಿ ನೋಡಿ, ಹಿಂಭಾಗ ಎದ್ದೇ ಇರುತ್ತದೆ. ಚಳ್ಳಕೆರೆ ಕಡೆಯಿಂದ ಅದರ ಕಾಲು ಭಾಗ ಎತ್ತರಕ್ಕೆ ಈರುಳ್ಳಿ ತುಂಬಿಕೊಂಡು ಬರುವುದನ್ನು ನೋಡಿ, ಕಮಾನು ಮಟ್ಟಸ. ನೀವು ಅಡಿಕೆ ಬೆಳೆಗಾರರು. ವರ್ಷದಲ್ಲಿ ಎಷ್ಟು ದಿನ ಹಿಂದೆ ಮೂಟೆ ಇರುತ್ತದೆ? ಖಾಲಿ ಗಾಡಿಯನ್ನು ಸಮ ಮಾಡಿಸಿದರೆ ಮೂಟೆ ಬಿದ್ದ ದಿನ ಅದು ಆಕಾಶ ನೋಡುತ್ತದೆ.

ಗಾಡಿಯ ಜೊತೆ ಹೆಡ್‌ಲೈಟೂ ಆಕಾಶ ನೋಡುತ್ತದೆ. ವಿ-ಕ್ರಾಸ್‌ನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಸುಮಾರು 3.1 ಮೀಟರ್ ಅಂತರ. ಮುಂದೆ 35 ಮಿ.ಮೀ. ಎತ್ತಿದರೆ 30 ಮೀಟರ್ ದೂರದಲ್ಲಿ ಬೆಳಕು 34 ಸೆಂ.ಮೀ. ಮೇಲೆ ಹೋಗುತ್ತದೆ. ಅದರ ಮೇಲೆ ಮೂಟೆ ಬಿದ್ದು ಹಿಂದೆ 60 ಮಿ.ಮೀ. ಕುಸಿದರೆ 92 ಸೆಂ.ಮೀ., ಅಂದರೆ ಮೂರು ಅಡಿ. ಸಂತೇಬೆನ್ನೂರು ಕಡೆಯ ರಸ್ತೆಯಲ್ಲಿ ರಾತ್ರಿ ಎದುರಿಗೆ ಬೈಕಿನಲ್ಲಿ ಬರುವವನ ಕಣ್ಣಿಗೆ ನೇರ. ಡ್ಯಾಶ್‌ಬೋರ್ಡಿನಲ್ಲಿ ಹೆಡ್‌ಲೈಟ್ ಎತ್ತರದ ತಿರುಗಣಿ ಇದ್ದರೆ ಅದನ್ನು ಬಳಸಿ. ಅದು ಇದ್ದರೂ ಇಲ್ಲದಿದ್ದರೂ, ಮುಂಭಾಗ ಎತ್ತಿಸಿದ ದಿನವೇ ಗೋಡೆಯ ಮುಂದೆ ಗಾಡಿ ನಿಲ್ಲಿಸಿ ಲೈಟ್ ಇಳಿಸಿಕೊಳ್ಳಿ. "ಎದುರಿನವರೆಲ್ಲ ನನಗೆ ಡಿಪ್ ಹೊಡೀತಾರೆ ಸರ್" ಅಂತ ಆಮೇಲೆ ನನ್ನ ಹತ್ತಿರ ಬರಬೇಡಿ.

ಹಿಂದಿನ ಕಮಾನಿನ ಪಟ್ಟಿ ಒಂದು ತೆಗೆಸಿ ಹಿಂಭಾಗವನ್ನೇ ಇಳಿಸಿದರೆ ಹೇಗೆ ಅಂತ ಯೋಚನೆ ಬಂದಿರಬಹುದು. ಖಾಲಿ ಓಡಿಸುವವರಿಗೆ ಮೆತ್ತಗಾಗುತ್ತದೆ, ನಿಜ. ಹೊರೆ ಹಾಕುವವರು ಆ ಗೋಜಿಗೆ ಹೋಗಬೇಡಿ, ಉಳಿದ ಪಟ್ಟಿಗಳು ಮುರಿಯುತ್ತವೆ.

ಸ್ಪೇಸರ್‌ಗೆ ದುಡ್ಡು ಕೊಡುವ ಮೊದಲು ಒಂದು ಟೇಪು ತೆಗೆದುಕೊಳ್ಳಿ. ಗಾಡಿಯನ್ನು ಸಮ ಕಾಂಕ್ರೀಟ್ ಮೇಲೆ, ಪೆಟ್ರೋಲ್ ಬಂಕ್ ಆದರೂ ಸರಿ, ನಿಲ್ಲಿಸಿ ಪ್ರತಿ ಚಕ್ರದ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆಯಬೇಡಿ, ಟೈರಿನ ಗಾಳಿ ಲೆಕ್ಕ ಕೆಡಿಸುತ್ತದೆ. ಖಾಲಿ ಇದ್ದಾಗ ಒಮ್ಮೆ, ನೀವು ಯಾವಾಗಲೂ ಹಾಕುವಷ್ಟು ಮೂಟೆ ಹಾಕಿ ಇನ್ನೊಮ್ಮೆ. ಒಟ್ಟು ಎಂಟು ಅಂಕಿ. ಎಡಕ್ಕೂ ಬಲಕ್ಕೂ ಅರ್ಧ ಇಂಚು ವ್ಯತ್ಯಾಸ ಕಂಡರೆ ಮೊದಲು ಆ ಸ್ಪ್ರಿಂಗ್ ಕುಸಿದಿದೆಯೇ ನೋಡಿಸಬೇಕು. ಆ ಎಂಟು ಅಂಕಿ ಬರೆದು ಕಳಿಸಿ, ಎಷ್ಟು ಮಿಲಿಮೀಟರ್ ಬೇಕೆಂದು ಹೇಳುತ್ತೇನೆ. ಬೇಡ ಅಂತಲೂ ಹೇಳಬಹುದು.