ಪಟ್ಟಿಯಲ್ಲಿ ಹೆಸರು ಬಂತು ಸರಿ, ಬಿ ಫಾರಂ ಎಲ್ಲಿ?

ಚುನಾವಣೆ ಹತ್ತಿರ ಬಂದಾಗ ನಾಮಪತ್ರ ತುಂಬಿಸಿಕೊಳ್ಳಲು ನನ್ನ ಆಫೀಸಿಗೆ ಬರುವವರಲ್ಲಿ ಟಿಕೆಟ್ ಸಿಕ್ಕವರು ಕಡಿಮೆ, ಸಿಕ್ಕೇಬಿಟ್ಟಿದೆ ಅಂದುಕೊಂಡವರು ಜಾಸ್ತಿ. "ದೊಡ್ಡವರೇ ಮಾತು ಕೊಟ್ಟಿದ್ದಾರೆ ಸಾರ್, ಸರ್ವೆಯಲ್ಲೂ ನಂದೇ ಹೆಸರು" ಅನ್ನುತ್ತಾರೆ. ಪಕ್ಷ ಸಹಿ ಮಾಡಿ ಕೊಡುವ ಬಿ ಫಾರಂ ಕೈಗೆ ಬಂತಾ ಅಂದರೆ ಮುಖ ಸಪ್ಪಗಾಗುತ್ತದೆ.

ಪಕ್ಷ ಟಿಕೆಟ್ ಯಾರಿಗೆ ಕೊಡುತ್ತದೆ ಅಂತ ಕೇಳಿದರೆ, ಸರ್ವೆ, ಜಾತಿ ಲೆಕ್ಕ, ದಿಲ್ಲಿ ಓಡಾಟ ಎಲ್ಲ ಟಿಕೆಟ್ ಬಯಸುವ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಪಕ್ಷ ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಎಂದು ನಮ್ಮ ಚುನಾವಣಾ ಕಾನೂನು ಹೇಳುವುದಿಲ್ಲ. ಆರಿಸಿದವರ ಮೇಲೆ ಕ್ರಿಮಿನಲ್ ಕೇಸ್ ಇದ್ದರೆ ಮಾತ್ರ, ಇವರೇ ಯಾಕೆ ಬೇಕಾಯಿತು ಎಂದು ಪಕ್ಷ ಪ್ರಕಟಿಸಬೇಕು. ಅದು 2020ರ ಸುಪ್ರೀಂ ಕೋರ್ಟ್ ಆದೇಶ. ಉಳಿದಂತೆ ನಿಮಗೆ ಯಾಕೆ ಕೊಡಲಿಲ್ಲ ಎಂದು ಯಾರೂ ಹೇಳಬೇಕಾಗಿಲ್ಲ. 2023ರ ಚುನಾವಣೆಗೆ ಕಾಂಗ್ರೆಸ್ ಟಿಕೆಟ್ ಅರ್ಜಿಯ ಜೊತೆ ಸಾಮಾನ್ಯ ವರ್ಗದವರಿಂದ 2 ಲಕ್ಷ ರೂಪಾಯಿಯ ಡಿಡಿ ಕೇಳಿತ್ತು. ಹಾಗೆ ದುಡ್ಡು ಕಟ್ಟಿದರೂ ಟಿಕೆಟ್ ಮೇಲೆ ಹಕ್ಕು ಹುಟ್ಟುವುದಿಲ್ಲ. "ಕೋರ್ಟಿಗೆ ಹೋಗೋಣ್ವಾ?" ಎಂದು ಕೇಳುವವರಿಗೆ ನಾನು ಕಾಫಿ ತರಿಸಿ ಸಮಾಧಾನ ಮಾಡಿ ಕಳಿಸುತ್ತೇನೆ.

ಪಕ್ಷ ಬಿಡುವ ಅಭ್ಯರ್ಥಿಗಳ ಪಟ್ಟಿ ಅನ್ನುವುದು ಪತ್ರಿಕಾ ಪ್ರಕಟಣೆ, ಅಷ್ಟೇ. ಚುನಾವಣಾಧಿಕಾರಿಗೆ ಬೇಕಾಗಿರುವುದು ಎ ಫಾರಂ ಮತ್ತು ಬಿ ಫಾರಂ. ಪಕ್ಷದ ಪರವಾಗಿ ಯಾರು ಸಹಿ ಮಾಡಬಹುದು, ಅವರ ಸಹಿ ಹೇಗಿರುತ್ತದೆ ಎಂದು ಎ ಫಾರಂ ತಿಳಿಸುತ್ತದೆ. ಅವರು ನಿಮ್ಮ ಹೆಸರು ಬರೆದು ಕೊಡುವುದು ಬಿ ಫಾರಂ. ಎರಡೂ ನಾಮಪತ್ರ ಸಲ್ಲಿಕೆಯ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಅಧಿಕಾರಿಯ ಟೇಬಲ್ ಮೇಲಿರಬೇಕು. ಸಹಿ ಶಾಯಿಯಲ್ಲೇ ಇರಬೇಕು. ಜೆರಾಕ್ಸ್ ನಡೆಯಲ್ಲ, ಸಹಿಯ ಸೀಲೂ ನಡೆಯಲ್ಲ. ಒಬ್ಬರು ವಾಟ್ಸಾಪಿನಲ್ಲಿ ಬಂದ ಬಿ ಫಾರಂ ಫೋಟೋ ತೋರಿಸಿ, "ಪ್ರಿಂಟ್ ತೆಗೆದುಬಿಡಿ ಸಾರ್" ಅಂದಿದ್ದರು. ಹೊರಗೆ ತಮಟೆ, ಹೂವಿನ ಹಾರ, ತೆರೆದ ಜೀಪು. ಅಸಲಿ ಕಾಗದ ಇನ್ನೂ ಹೆದ್ದಾರಿಯಲ್ಲಿ ಕಾರಿನೊಳಗಿತ್ತು.

ಇನ್ನೊಂದು ಮಾತು. ಆ 3 ಗಂಟೆಯವರೆಗೆ ಪಕ್ಷ ಮನಸ್ಸು ಬದಲಿಸಬಹುದು. ಮೊದಲ ಬಿ ಫಾರಂ ರದ್ದು ಮಾಡಿ ಬೇರೆಯವರಿಗೆ ಕೊಡಬಹುದು. 2023ರಲ್ಲಿ ಶಿಗ್ಗಾಂವಿಗೆ ಕಾಂಗ್ರೆಸ್ ಮೊದಲು ಮೊಹಮ್ಮದ್ ಯೂಸುಫ್ ಸವಣೂರ ಅವರ ಹೆಸರು ಪ್ರಕಟಿಸಿತು. ಮುಂದಿನ ಪಟ್ಟಿಯಲ್ಲೇ ಅದು ಯಾಸಿರ್ ಅಹ್ಮದ್ ಖಾನ್ ಪಠಾಣ್ ಎಂದಾಯಿತು.

ಅದಕ್ಕೇ ನಾನು ಹೇಳುವುದು, ಹತ್ತು ಸೂಚಕರ, ಅಂದರೆ ನಿಮ್ಮ ಹೆಸರು ಸೂಚಿಸುವವರ, ಸಹಿ ಹಾಕಿಸಿದ ಇನ್ನೊಂದು ನಾಮಪತ್ರ ಇರಲಿ ಅಂತ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬರೇ ಸೂಚಕರು ಸಾಕು, ಪಕ್ಷೇತರರಿಗೆ ಹತ್ತು ಜನ ಬೇಕು. ಆದರೆ ಬಿ ಫಾರಂ ಬರದಿದ್ದರೆ ಆ ಒಂದು ಸಹಿಯ ನಾಮಪತ್ರ ಪರಿಶೀಲನೆಯಲ್ಲೇ ಬೀಳುತ್ತದೆ, ಪಕ್ಷೇತರರಾಗಿ ನಿಲ್ಲುವ ದಾರಿಯೂ ಹೋಗುತ್ತದೆ. ನಾಲ್ಕು ಸೆಟ್‌ವರೆಗೆ ಸಲ್ಲಿಸಬಹುದು, ಒಂದನ್ನು ಹೀಗೆ ಮಾಡಿದರೆ ಏನು ಕಷ್ಟ? ಆ ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು, ಇದನ್ನೂ ಮರೆಯುತ್ತಾರೆ. ಹೇಳಿದರೆ ಅಪಶಕುನ ನುಡಿದೆನೇನೋ ಅನ್ನುವಂತೆ ನೋಡುತ್ತಾರೆ ಪಾಪ.

ಬಿ ಫಾರಂನಲ್ಲಿ ಬದಲಿ ಅಭ್ಯರ್ಥಿಯ ಹೆಸರಿಗೂ ಜಾಗ ಇದೆ. ಅಸಲಿ ಅಭ್ಯರ್ಥಿಯ ನಾಮಪತ್ರ ತಿರಸ್ಕಾರವಾದರೆ ಅವರು ನಿಲ್ಲುತ್ತಾರೆ. ನಮ್ಮವರ ಬಾಯಲ್ಲಿ ಅದು ಡಮ್ಮಿ. 2023ರಲ್ಲಿ ಕನಕಪುರದಲ್ಲಿ ಡಿ.ಕೆ. ಶಿವಕುಮಾರ್ ನಾಮಪತ್ರ ತಿರಸ್ಕಾರವಾದೀತು ಎಂಬ ಆತಂಕದಿಂದ ತಮ್ಮ ಡಿ.ಕೆ. ಸುರೇಶ್ ಕೂಡ ನಾಮಪತ್ರ ಹಾಕಿದ್ದರು. ಡಮ್ಮಿಗೆ ಸಾಮಾನ್ಯವಾಗಿ ಒಬ್ಬರೇ ಸೂಚಕರು ಇರಲಿ ಎನ್ನುತ್ತೇನೆ. ಅಸಲಿಯದು ಅಂಗೀಕಾರವಾದರೆ ಡಮ್ಮಿಯದು ತಾನಾಗೇ ಬಿದ್ದುಹೋಗುತ್ತದೆ. ಒಬ್ಬರು ನನ್ನ ಮಾತು ಕೇಳದೆ ಭಾವಮೈದನ ನಾಮಪತ್ರಕ್ಕೂ ಹತ್ತು ಸಹಿ ಹಾಕಿಸಿದರು. ಅಸಲಿ ಪಾಸಾಯಿತು, ಭಾವಮೈದನದೂ ಪಾಸಾಯಿತು. ಆತ ವಾಪಸ್ ತೆಗೆಯಲು ಒಪ್ಪದೆ ಪಕ್ಷೇತರನಾಗಿ ನಿಂತೇಬಿಟ್ಟ.