ಆಯಿಲ್ ಪ್ಯಾಟರ್ನ್: ಕಾಣದ ಎಣ್ಣೆಗೆ ತಕ್ಕ ಚೆಂಡು

ಟೆನ್‌ಪಿನ್ ಬೌಲಿಂಗ್‌ನಲ್ಲಿ ‘ಆಯಿಲ್ ಪ್ಯಾಟರ್ನ್’ ಎಂದರೆ ಲೇನಿನ ಮೇಲೆ ಯಂತ್ರದಿಂದ ಬಳಿಯುವ ತೆಳು ಎಣ್ಣೆಯ ಹರವು. ಎಣ್ಣೆ ಎಷ್ಟು ಅಡಿಯವರೆಗೆ ಇದೆ, ಯಾವ ಹಲಗೆಯ ಮೇಲೆ ಎಷ್ಟು ದಪ್ಪವಾಗಿದೆ, ಒಟ್ಟು ಎಷ್ಟಿದೆ ಎಂಬ ಮೂರು ಲೆಕ್ಕಗಳಿಗೆ ಸೇರಿ ಈ ಒಂದೇ ಹೆಸರು. ಎಸೆಯುವಾಗ ದಾಟಬಾರದ ಫೌಲ್ ಗೆರೆಯಿಂದ ಎಲ್ಲಕ್ಕಿಂತ ಮುಂದಿರುವ ಪಿನ್‌ವರೆಗೆ 60 ಅಡಿ ಉದ್ದ, ಸುಮಾರು 41.5 ಅಂಗುಲ ಅಗಲ, ಅಗಲಕ್ಕೆ 39 ಹಲಗೆ: ಇಷ್ಟು ದೊಡ್ಡ ಜಾಗಕ್ಕೆ ಹಚ್ಚುವ ಎಣ್ಣೆ ಸಾಮಾನ್ಯವಾಗಿ 20ರಿಂದ 30 ಮಿಲಿಲೀಟರ್, ಅಂದರೆ ಐದಾರು ಟೀ ಚಮಚದಷ್ಟು ಮಾತ್ರ. ನಿಂತು ನೋಡಿದರೆ ಲೇನು ಇಡಿಯಾಗಿ ಒಂದೇ ತೆರನಾಗಿ ಹೊಳೆಯುತ್ತದೆ; ಎಲ್ಲಿ ಜಾರುತ್ತದೆ, ಎಲ್ಲಿ ಹಿಡಿಯುತ್ತದೆ ಎಂಬುದು ಚೆಂಡು ಹೋಗಿ ಬಂದ ಮೇಲಷ್ಟೇ ತಿಳಿಯುತ್ತದೆ.

ಲೇನುಗಳು ಮರದವಾಗಿದ್ದ ಕಾಲದಲ್ಲಿ ಚೆಂಡು ಬಿದ್ದು ಉಜ್ಜುವ ಭಾಗ ಸವೆಯದಿರಲೆಂದು ಎಣ್ಣೆ ಹಚ್ಚುವ ರೂಢಿ ಬಂತು. ಈಗ ಬಹುತೇಕ ಲೇನುಗಳ ಮೇಲ್ಮೈ ಕೃತಕ ವಸ್ತುವಿನದು, ಹಲಗೆಗಳೂ ಬರೀ ಅಚ್ಚಿನ ಗೆರೆಗಳು. ಆದರೂ ಎಣ್ಣೆ ಉಳಿದುಕೊಂಡಿತು, ಆಟದ ಕಷ್ಟವನ್ನು ನಿರ್ಧರಿಸುವ ಸಾಧನವಾಗಿ ಬೆಳೆಯಿತು. ಕೇರಂ ಬೋರ್ಡಿಗೆ ಪುಡಿ ಉದುರಿಸಿದಂತೆ ಎಂದು ಹೋಲಿಸಬಹುದು, ಆದರೆ ಒಂದು ವ್ಯತ್ಯಾಸವಿದೆ: ಕೇರಂನಲ್ಲಿ ಪುಡಿ ಎಲ್ಲೆಡೆ ಸಮವಾಗಿರಲಿ ಎಂದು ಬಯಸುತ್ತೇವೆ, ಇಲ್ಲಿ ಎಣ್ಣೆಯನ್ನು ಬೇಕೆಂದೇ ಏರುಪೇರಾಗಿ ಹಚ್ಚುತ್ತಾರೆ.

ಮಾಲಿನಲ್ಲಿ ವಾರಾಂತ್ಯಕ್ಕೆ ಆಡಲು ಬರುವವರಿಗೆ ಸಾಮಾನ್ಯವಾಗಿ ಸಿಗುವುದು ‘ಹೌಸ್ ಪ್ಯಾಟರ್ನ್’. ಇದರಲ್ಲಿ ಎಣ್ಣೆ ಸುಮಾರು 40 ಅಡಿಯವರೆಗೆ ಇರುತ್ತದೆ. ನಡುವಿನ ಹಲಗೆಗಳ ಮೇಲೆ ಅಂಚಿನ ಹಲಗೆಗಳಿಗಿಂತ ಹತ್ತು ಪಟ್ಟಿನಷ್ಟು ದಪ್ಪವಾಗಿರುತ್ತದೆ. ಬಲಗೈ ಆಟಗಾರನೊಬ್ಬ ಬಲ ಅಂಚಿನಿಂದ ಎಣಿಸಿದರೆ 10ನೆಯದಾಗುವ ಹಲಗೆಗೆ ಗುರಿಯಿಟ್ಟ ಎಂದುಕೊಳ್ಳಿ. ಕೈತಪ್ಪಿ ಚೆಂಡು 7ಕ್ಕೆ ಹೋದರೆ ಅಲ್ಲಿನ ಒಣ ಹಲಗೆ ಅದನ್ನು ಹಿಡಿದು ಒಳಕ್ಕೆ ತಿರುಗಿಸುತ್ತದೆ. 13ಕ್ಕೆ ಹೋದರೆ ಅಲ್ಲಿನ ದಟ್ಟ ಎಣ್ಣೆ ಅದನ್ನು ಹೆಚ್ಚು ತಿರುಗಗೊಡದೆ ಅಲ್ಲೇ ಹಿಡಿದಿಡುತ್ತದೆ. ಎರಡೂ ಬಾರಿ ಚೆಂಡು ಪಾಕೆಟ್ಟಿನ (ಮೊದಲ ಪಿನ್ನಿಗೂ ಅದರ ಬಲ ಹಿಂದಿನ ಪಿನ್ನಿಗೂ ನಡುವಿನ ಸಂದು) ಆಸುಪಾಸಿಗೇ ಬಂದು ಬೀಳುತ್ತದೆ, ಆಟಗಾರ ತನ್ನ ಕೈ ಚೆನ್ನಾಗಿದೆ ಎಂದುಕೊಳ್ಳುತ್ತಾನೆ. ಕಠಿಣ ಪ್ಯಾಟರ್ನ್ ಎಂದರೆ ಈ ಆಸರೆಯನ್ನು ತೆಗೆದುಹಾಕಿದ್ದು. ಸ್ಪರ್ಧೆಗಳ ‘ಸ್ಪೋರ್ಟ್’ ಪ್ಯಾಟರ್ನ್‌ಗಳಲ್ಲಿ ನಡು ಮತ್ತು ಅಂಚಿನ ಎಣ್ಣೆಯ ಅನುಪಾತ 3ಕ್ಕೆ 1ರ ಆಸುಪಾಸಿಗೆ ಇಳಿಯುತ್ತದೆ, ಅಮೆರಿಕದ ಯು.ಎಸ್. ಓಪನ್ ಪಂದ್ಯಾವಳಿ ಇನ್ನೂ ಚಪ್ಪಟೆಯಾದ, ಅಂಚಿನಿಂದ ಅಂಚಿಗೆ ಹೆಚ್ಚುಕಡಿಮೆ ಸಮನಾದ ಎಣ್ಣೆಗೆ ಹೆಸರಾಗಿದೆ. ಅಲ್ಲಿ 7ಕ್ಕೆ ಹೋದ ಚೆಂಡು ತಿರುಗಿ ಬರುವುದಿಲ್ಲ, 13ಕ್ಕೆ ಹೋದದ್ದು ಪಾಕೆಟ್ ದಾಟಿ ಮೊದಲ ಪಿನ್ನಿನ ಮೂಗಿಗೇ ಬಡಿಯುತ್ತದೆ.

ಲೇನು ಕಠಿಣವೆಂದು ತಿಳಿದೊಡನೆ ಹೊಸಬರು ಅತ್ಯಂತ ಹೆಚ್ಚು ತಿರುಗುವ ಚೆಂಡನ್ನು ಹುಡುಕುತ್ತಾರೆ. ನನ್ನ ಮಟ್ಟಿಗೆ ಇದು ದುಡ್ಡು ಕೊಟ್ಟು ಕೊಳ್ಳುವ ತಪ್ಪು. ಚಪ್ಪಟೆ ಎಣ್ಣೆಯ ಮೇಲೆ ಬೇಕಾದದ್ದು ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ಅಳತೆಯಲ್ಲಿ ತಿರುಗುವ ಚೆಂಡು. ತಿರುವು ಎಷ್ಟು ದೊಡ್ಡದು ಎಂಬುದು ಆಮೇಲಿನ ಮಾತು.

ಎಸೆದ ಚೆಂಡು ಮೊದಲು ಎಣ್ಣೆಯ ಮೇಲೆ ಜಾರುತ್ತದೆ, ಆಮೇಲೆ ಒಣಭಾಗ ಸಿಕ್ಕಿದಾಗ ತಿರುಗುತ್ತದೆ, ಕೊನೆಗೆ ಉರುಳುತ್ತ ಪಿನ್ನಿಗೆ ಬಡಿಯುತ್ತದೆ. ಈ ಮೂರು ಘಟ್ಟಗಳಲ್ಲಿ ಯಾವುದು ಎಲ್ಲಿ ಮುಗಿಯಬೇಕೆಂದು ಮುಖ್ಯವಾಗಿ ತೀರ್ಮಾನಿಸುವುದು ಚೆಂಡಿನ ಹೊರಪದರ. ಪ್ಲಾಸ್ಟಿಕ್ ಹೊರಪದರ ಎಣ್ಣೆಯನ್ನೂ ಒಣಭಾಗವನ್ನೂ ಹೆಚ್ಚು ಲೆಕ್ಕಿಸದೆ ನೇರವಾಗಿ ಹೋಗುತ್ತದೆ, ಆದ್ದರಿಂದಲೇ ಮೊದಲ ಎಸೆತದ ನಂತರ ಮೂಲೆಯಲ್ಲಿ ಉಳಿದ ಸ್ಪೇರ್ ಪಿನ್ನಿಗೆ ಇಂದಿಗೂ ಅದೇ ಚೆಂಡು. 1980ರ ದಶಕದ ಆರಂಭದಲ್ಲಿ ಬಂದ ಯುರೇಥೇನ್ ಬೇಗ ಹಿಡಿತ ಪಡೆದು ಮೆಲ್ಲಗೆ ಬಾಗುತ್ತದೆ. 1990ರ ದಶಕದ ಆರಂಭದ ರಿಯಾಕ್ಟಿವ್ ರೆಸಿನ್‌ನ ಹೊರಪದರದಲ್ಲಿ ಸೂಕ್ಷ್ಮ ರಂಧ್ರಗಳಿದ್ದು, ಅದು ಎಣ್ಣೆಯನ್ನು ಹೀರಿಕೊಂಡು ಒಣಭಾಗದಲ್ಲಿ ರಭಸದಿಂದ ತಿರುಗುತ್ತದೆ. ಇದರಲ್ಲೂ ‘ಸಾಲಿಡ್’ ಬೇಗ ಹಿಡಿಯುತ್ತದೆ, ‘ಪರ್ಲ್’ ದೂರದವರೆಗೆ ಜಾರಿ ತಡವಾಗಿ, ಚುರುಕಾಗಿ ತಿರುಗುತ್ತದೆ, ‘ಹೈಬ್ರಿಡ್’ ಇವೆರಡರ ನಡುವೆ. ಹೊರಪದರದ ಮಹತ್ವ ತಿಳಿಯಲು ಹಳೆಯದೊಂದು ಪ್ರಕರಣ ಸಾಕು: 1973ರಲ್ಲಿ ಡಾನ್ ಮೆಕ್ಯೂನ್ ಎಂಬ ವೃತ್ತಿಪರ ಆಟಗಾರ ಪ್ಲಾಸ್ಟಿಕ್ ಚೆಂಡನ್ನು ರಾಸಾಯನಿಕದಲ್ಲಿ ನೆನೆಸಿ ಮೆದುವಾಗಿಸಿ ಆಡಿ, ಆ ವರ್ಷದ ಶ್ರೇಷ್ಠ ಆಟಗಾರನೆನಿಸಿಕೊಂಡ. ಚೆಂಡಿನ ಗಡಸುತನಕ್ಕೆ ಕನಿಷ್ಠ ಮಿತಿ ಬಂದದ್ದು ಅದರ ನಂತರ.

ಅದೇ ಚೆಂಡನ್ನು 1000 ಗ್ರಿಟ್‌ನ (ಸಂಖ್ಯೆ ಹೆಚ್ಚಿದ್ದಷ್ಟೂ ನಯ) ಉಜ್ಜುವ ಪ್ಯಾಡಿನಿಂದ ಒರಟಾಗಿಸಿದರೆ ಬೇಗ ಹಿಡಿಯುತ್ತದೆ, 4000 ಗ್ರಿಟ್‌ನಿಂದ ನುಣುಪಾಗಿಸಿದರೆ ಅಥವಾ ಪಾಲಿಶ್ ಹಾಕಿದರೆ ದೂರ ಜಾರುತ್ತದೆ. ಹೊಸ ಚೆಂಡು ಕೊಳ್ಳುವ ಮೊದಲು ಇರುವ ಚೆಂಡಿನ ಮೈಯನ್ನು ಉಜ್ಜಿ ನೋಡುವುದು ಅಗ್ಗದ, ಬಹಳ ಸಲ ಉತ್ತಮವಾದ ದಾರಿ. ಒಳಗಿನ ತಿರುಳಿನ ಆಕಾರಕ್ಕೆ ಬಂದರೆ, ಚೆಂಡಿನ ವಿವರಗಳಲ್ಲಿ ಎರಡು ಸಂಖ್ಯೆಗಳಿರುತ್ತವೆ: ಆರ್.ಜಿ. (ತೂಕವು ನಡುವಿನಿಂದ ಎಷ್ಟು ದೂರ ಹರಡಿದೆ ಎಂಬ ಅಳತೆ) ಕಡಿಮೆಯಿದ್ದಷ್ಟೂ ಚೆಂಡು ಬೇಗ ಉರುಳಲು ತೊಡಗುತ್ತದೆ, ಡಿಫರೆನ್ಷಿಯಲ್ ಹೆಚ್ಚಿದ್ದಷ್ಟೂ ಪ್ರತಿ ಸುತ್ತಿಗೂ ಚೆಂಡಿನ ಹೆಚ್ಚು ಒಣಮೈ ಲೇನಿಗೆ ತಾಗುತ್ತದೆ. ನಿಯಮದ ಪ್ರಕಾರ ಮೊದಲನೆಯದು 2.46ರಿಂದ 2.80ರ ಒಳಗಿರಬೇಕು, ಎರಡನೆಯದು 0.060 ಮೀರಬಾರದು.

ಪ್ಯಾಟರ್ನ್‌ನ ಉದ್ದ ಗೊತ್ತಿದ್ದರೆ ಒಂದು ಬಾಯಿಲೆಕ್ಕವಿದೆ: ಉದ್ದದಿಂದ 31 ಕಳೆದರೆ, ಎಣ್ಣೆ ಮುಗಿಯುವಲ್ಲಿ ಚೆಂಡು ಯಾವ ಹಲಗೆಯ ಮೇಲಿರಬೇಕೆಂಬುದು ಸಿಗುತ್ತದೆ. 40 ಅಡಿಗೆ 9ನೇ ಹಲಗೆ, 35ಕ್ಕೆ 4ನೆಯದು, 47ಕ್ಕೆ 16ನೆಯದು. ಅಮೆರಿಕದ ವೃತ್ತಿಪರ ಸಂಘವಾದ ಪಿ.ಬಿ.ಎ. ತನ್ನ ಪ್ಯಾಟರ್ನ್‌ಗಳಿಗೆ ಪ್ರಾಣಿಗಳ ಹೆಸರಿಟ್ಟಿದೆ. ವುಲ್ಫ್ ಮತ್ತು ಚೀತಾ ಗಿಡ್ಡ, ಶಾರ್ಕ್ ಉದ್ದ, ಬ್ಯಾಡ್ಜರ್ 52 ಅಡಿ. ಬ್ಯಾಡ್ಜರ್‌ಗೆ ಈ ಲೆಕ್ಕ ಹಾಕಿದರೆ 21 ಬರುತ್ತದೆ. ಬಲಗೈಯವರ ಪಾಕೆಟ್ ಇರುವುದೇ 17 ಮತ್ತು 18ನೇ ಹಲಗೆಗಳ ನಡುವೆ, ಹಾಗಾಗಿ ಚೆಂಡು ಪಾಕೆಟ್ಟಿಗಿಂತ ಒಳಗಿರಬೇಕಾಗುತ್ತದೆ! ಮೊದಲ ಊಹೆಗೆ ಮಾತ್ರ ಈ ಲೆಕ್ಕವನ್ನು ಬಳಸಬೇಕು.

ಗಿಡ್ಡ ಪ್ಯಾಟರ್ನ್‌ನಲ್ಲಿ ಕೊನೆಯ 25 ಅಡಿ ಒಣಗಿರುವುದರಿಂದ ಬಲವಾದ ರಿಯಾಕ್ಟಿವ್ ಚೆಂಡು ಹತೋಟಿ ಮೀರಿ ತಿರುಗುತ್ತದೆ; ಲೇನಿನ ಅಂಚಿನ ಕಾಲುವೆಯಾದ ಗಟರಿನ ಪಕ್ಕದಲ್ಲೇ ಯುರೇಥೇನ್ ಚೆಂಡನ್ನು ಎಸೆದು ಮೆಲ್ಲಗೆ ಬಾಗಿಸುವುದು ಅಲ್ಲಿನ ರೂಢಿ. ಯುರೇಥೇನ್ ಎಣ್ಣೆಯನ್ನು ಅಷ್ಟಾಗಿ ಹೀರದೆ ಮುಂದಕ್ಕೆ ತಳ್ಳುತ್ತ ಹೋಗುವುದರಿಂದ, ಕೆಲವು ಆಟಗಳಾದ ಮೇಲೆ ಒಣಗಿದ್ದ ಕಡೆಯೂ ತೆಳುವಾಗಿ ಜಿಡ್ಡು ಹತ್ತುತ್ತದೆ ಎಂಬುದು ನೆನಪಿರಬೇಕು. ಉದ್ದ ಪ್ಯಾಟರ್ನ್‌ನಲ್ಲಿ ತಿರುಗಲು ಉಳಿಯುವ ಜಾಗ ಕಡಿಮೆ, ಆದ್ದರಿಂದ ಒರಟು ಮೈಯ ಸಾಲಿಡ್ ಚೆಂಡು, ಬೇಗ ಉರುಳುವ ತಿರುಳು ಬೇಕು. ಇಲ್ಲಿಯೂ ಅತಿಯಾದರೆ ಕೆಡುತ್ತದೆ: ತೀರ ಒರಟಾದ ಚೆಂಡು ಎಣ್ಣೆಯಲ್ಲೇ ತನ್ನ ಕಸುವನ್ನೆಲ್ಲ ಕಳೆದುಕೊಂಡು, ಪಿನ್ ಮುಟ್ಟುವಾಗ ಸತ್ತಂತೆ ಉರುಳುತ್ತದೆ.

ಇದೆಲ್ಲವೂ ಎಸೆಯುವ ಕೈಯನ್ನು ಅವಲಂಬಿಸಿದೆ. ಆಸ್ಟ್ರೇಲಿಯಾದ ಜೇಸನ್ ಬೆಲ್ಮಾಂಟೆಯಂತೆ ಎರಡು ಕೈಯಿಂದ ಎಸೆದು ಚೆಂಡಿಗೆ ಬಹಳ ಸುತ್ತು ಕೊಡುವವರಿಗೆ ಸೌಮ್ಯ ಚೆಂಡೇ ಸಾಕಾಗಬಹುದು. ವೇಗ ಹೆಚ್ಚಿದ್ದು ಸುತ್ತು ಕಡಿಮೆಯಿರುವವರಿಗೆ ಅದೇ ಲೇನಿನಲ್ಲಿ ಎರಡು ಮೆಟ್ಟಿಲು ಬಲವಾದದ್ದು ಬೇಕಾಗಬಹುದು. ಆದ್ದರಿಂದ ಪಕ್ಕದ ಲೇನಿನವರ ಚೆಂಡನ್ನು ನೋಡಿ ಆಯ್ಕೆ ಮಾಡಿದರೆ ಸಾಮಾನ್ಯವಾಗಿ ಮೋಸ ಹೋಗುತ್ತೇವೆ.

ಅಭ್ಯಾಸದ ಹತ್ತು ನಿಮಿಷದಲ್ಲಿ ಬಳಸಲು ಒಂದು ‘ಬೆಂಚ್‌ಮಾರ್ಕ್’ ಚೆಂಡು ಇರಬೇಕು: ಮಧ್ಯಮ ಬಲದ, ಸಮತೋಲದ ತಿರುಳಿನ, 2000 ಗ್ರಿಟ್‌ಗೆ ಉಜ್ಜಿದ ಸಾಲಿಡ್ ಅದಕ್ಕೆ ಹೊಂದುತ್ತದೆ. ಅದು ಬೇಗ ತಿರುಗಿದರೆ ಸೌಮ್ಯವಾದದ್ದಕ್ಕೆ, ತಿರುಗದಿದ್ದರೆ ಒರಟಾದದ್ದಕ್ಕೆ ಹೋಗಬೇಕು. ಮರಳಿ ಬಂದ ಚೆಂಡನ್ನು ಟವೆಲ್ಲಿನಿಂದ ಒರೆಸುವ ಮುನ್ನ ಒಮ್ಮೆ ನೋಡಬೇಕು. ಅದರ ಮೈಮೇಲೆ ಬಳೆಗಳಂತೆ ಬಿಡಿಬಿಡಿಯಾಗಿ ಎಣ್ಣೆಯ ಉಂಗುರಗಳು ಮೂಡಿರುತ್ತವೆ. ಉಂಗುರಗಳು ದಟ್ಟವಾಗಿದ್ದರೆ ಆ ದಾರಿಯಲ್ಲಿ ಎಣ್ಣೆ ಇನ್ನೂ ಇದೆ, ಮಾಸಲಾಗಿದ್ದರೆ ಒಣಗುತ್ತಿದೆ. ಪಿನ್ನುಗಳೂ ಮಾತಾಡುತ್ತವೆ. ಚೆಂಡು ಪಾಕೆಟ್ಟಿಗೆ ಸರಿಯಾಗಿ ಬಡಿದರೂ ಬಲ ಮೂಲೆಯ 10ನೇ ಪಿನ್ ನಿಂತು, ಅದನ್ನು ಬೀಳಿಸಬೇಕಿದ್ದ 6ನೇ ಪಿನ್ ಗಟರಿನಲ್ಲಿ ಸುಸ್ತಾಗಿ ಮಲಗಿದ್ದರೆ, ಹೆಚ್ಚಾಗಿ ಚೆಂಡು ಕಸುವು ಕಳೆದುಕೊಂಡೇ ಅಲ್ಲಿಗೆ ತಲುಪಿದೆ ಎಂದರ್ಥ. ಆಗ ಇನ್ನೂ ಬಲವಾದ ಚೆಂಡು ತೆಗೆದರೆ ಪರಿಸ್ಥಿತಿ ಕೆಡುತ್ತದೆ, ನುಣುಪಾದದ್ದು ತೆಗೆಯಬೇಕು.

ಎರಡು ಮೂರು ಆಟಗಳಾಗುವಷ್ಟರಲ್ಲಿ ಎಲ್ಲರೂ ಎಸೆದ ದಾರಿಯ ಎಣ್ಣೆ ಸವೆದು, ಮೊದಲು ಸರಿಯಿದ್ದ ಚೆಂಡು ಬೇಗ ತಿರುಗತೊಡಗುತ್ತದೆ. ಬಲಗೈಯವರು ನಿಲ್ಲುವ ಜಾಗವನ್ನು ಎರಡು ಹಲಗೆ, ಗುರಿಯನ್ನು ಒಂದು ಹಲಗೆ ಎಡಕ್ಕೆ ಸರಿಸುವುದು ಮೊದಲ ಉಪಾಯ; ಅದು ಸಾಲದಾದಾಗ ಪರ್ಲ್ ಚೆಂಡಿನ ಸರದಿ. ಸ್ಪರ್ಧೆ ಶುರುವಾದ ಮೇಲೆ ಚೆಂಡಿನ ಮೈಯನ್ನು ಉಜ್ಜಿ ಬದಲಿಸುವಂತಿಲ್ಲ. ಹಾಗಾಗಿ ಅನುಭವಿಗಳು ಕೆಲವೊಮ್ಮೆ ಒಂದೇ ಮಾದರಿಯ ಎರಡು ಚೆಂಡುಗಳನ್ನು, ಒಂದನ್ನು ಒರಟಾಗಿ, ಇನ್ನೊಂದನ್ನು ನುಣುಪಾಗಿ ಉಜ್ಜಿಕೊಂಡು ಚೀಲದಲ್ಲಿ ತಂದಿರುತ್ತಾರೆ.